ಬಿದ್ದ ಮರ ಎಷ್ಟು ಲಡ್ಡಾಗಿದೆ ಎಂಬುದೂ ದಾಖಲೆಗೆ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಳೆಗಾಲ ಮುಗಿಯುತ್ತಿದ್ದಂತೆ ಮಲೆನಾಡಿನ ಪತ್ರಿಕಾ ಪುಟಗಳಲ್ಲಿ ಒಂದು ಬಗೆಯ ಸುದ್ದಿ ವರ್ಷವರ್ಷವೂ ಕಾಣಿಸಿಕೊಳ್ಳುತ್ತದೆ. ಗಾಳಿಮಳೆಗೆ ಉರುಳಿದ ಮರಗಳು ಕಾಡಿನಲ್ಲಿ ಕೊಳೆಯುತ್ತಿವೆ, ಲಕ್ಷಾಂತರ ರೂಪಾಯಿ ಬೆಲೆಬಾಳುವ ನಾಟಾ ಮಣ್ಣುಪಾಲಾಗುತ್ತಿದೆ, ಕೂಡಲೇ ಅವನ್ನೆಲ್ಲ ಡಿಪೋಗೆ ಸಾಗಿಸಿ ಹರಾಜು ಹಾಕಬೇಕು ಎಂಬುದು ಅದರ ಸಾರ. ಇದಕ್ಕೆ ಉತ್ತರವಾಗಿ, ಬಿದ್ದ ಮರವೂ ಕಾಡಿನದೇ ಸೊತ್ತು, ಅದರ ಒಂದು ಟೊಂಗೆಯನ್ನೂ ಮುಟ್ಟಬಾರದು ಎಂದು ಬರೆಯುವವರೂ ಇದ್ದಾರೆ. ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾಗಿ, ಈಗಲೂ ನಮ್ಮ ಸೀಮೆಯ ಕಾನುಗಳಲ್ಲಿ, ಅಂದರೆ ಹಳೆಯ ದಟ್ಟ ಕಾಡುಗಳಲ್ಲಿ, ಬಿದ್ದ ಮರಗಳನ್ನು ಗಮನಿಸುತ್ತಿರುವ ನಾನು ಈ ಎರಡನೆಯವರ ಕಡೆಗೇ ಹೆಚ್ಚು ವಾಲುತ್ತೇನೆ. ಆದರೂ ಎರಡೂ ಕಡೆಯವರು ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳುತ್ತಿಲ್ಲವೆಂದು ನನಗೆ ಅನ್ನಿಸುತ್ತದೆ. ಆ ಮರ ಈ ಹೊತ್ತಿಗೆ ಎಷ್ಟು ಕೊಳೆತಿದೆ? ಇದನ್ನು ಅಳೆಯದೆ ತೆಗೆಯಿರಿ ಎನ್ನುವುದಕ್ಕೂ ಬಿಡಿ ಎನ್ನುವುದಕ್ಕೂ ಗಟ್ಟಿ ಆಧಾರ ಸಿಗುವುದಿಲ್ಲ. ಅಳೆಯುವ ಕ್ರಮವು ಕಷ್ಟದ್ದೇನೂ ಅಲ್ಲ, ದುಬಾರಿಯೂ ಅಲ್ಲ. ನಮ್ಮಲ್ಲಿ ಅದು ರೂಢಿಗೆ ಬಂದಿಲ್ಲ ಅಷ್ಟೇ.

ಮೊದಲು ಕಾನೂನಿನ ಮಾತನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಕಾಡುಗಳ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದ ಫೆಬ್ರುವರಿ 14ರಂದು ನೀಡಿದ ಆದೇಶವು ರಾಷ್ಟ್ರೀಯ ಉದ್ಯಾನಗಳಿಂದ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ರೋಗ ಹಿಡಿದ ಅಥವಾ ಗಾಳಿಗೆ ಬಿದ್ದ ಮರಗಳನ್ನು ಮಾತ್ರವಲ್ಲದೆ ಹೊಳೆಯಲ್ಲಿ ತೇಲಿಬಂದ ಮರವನ್ನೂ ಹುಲ್ಲನ್ನೂ ಸಹ ತೆಗೆಯದಂತೆ ತಡೆಯಿತು. ಹಾಗಾಗಿ ಕುದುರೆಮುಖದಂಥ ಉದ್ಯಾನದ ಒಳಗೆ ಹರಾಜಿನ ಚರ್ಚೆಗೆ ಎಡೆಯೇ ಇಲ್ಲ. ಚರ್ಚೆ ಇರುವುದು ಇದರ ಆಚೆಗಿನ ಮೀಸಲು ಅರಣ್ಯ, ಕಾನು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಇವುಗಳ ಬಗ್ಗೆ, ಮತ್ತು ಮಲೆನಾಡಿನ ಕಾಡಿನಲ್ಲಿ ಇವುಗಳ ಪಾಲು ಚಿಕ್ಕದಲ್ಲ. ಇಲ್ಲಿ ಬಿದ್ದ ಮರವನ್ನು ಪಟ್ಟಿಗೆ ಸೇರಿಸುವಾಗ ಜಾತಿ, ಉದ್ದ, ಸುತ್ತಳತೆ ಇವಿಷ್ಟು ಬರೆದುಕೊಳ್ಳುವುದು ವಾಡಿಕೆ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸುವ ಹಳೆಯ ಸೂತ್ರದಂತೆ ಘನಮೀಟರು ಲೆಕ್ಕ ಹಾಕುತ್ತಾರೆ. ದುಂಡನೆಯ ದಿಮ್ಮಿಯ ನಿಜವಾದ ಗಾತ್ರದಲ್ಲಿ ಈ ಸೂತ್ರಕ್ಕೆ ಸಿಗುವುದು ಶೇ. 78.5 ಮಾತ್ರ; ಕೊಯ್ಯುವಾಗ ಹೋಗುವ ಸುತ್ತಲಿನ ಹೋಳುಗಳನ್ನು ಮೊದಲೇ ಕಳೆದ ವ್ಯಾಪಾರದ ಲೆಕ್ಕ ಅದು. ವ್ಯಾಪಾರಕ್ಕೆ ಅದು ಸಾಕು. ಆ ದಿಮ್ಮಿಯಲ್ಲಿ ಗಟ್ಟಿ ಮರ ಎಷ್ಟು, ಕುಂಬಾದದ್ದು ಎಷ್ಟು, ಟೊಳ್ಳು ಎಷ್ಟು ಎಂಬುದನ್ನು ಬರೆಯಲು ಮಾತ್ರ ಆ ಪಟ್ಟಿಯಲ್ಲಿ ಕಲಮೇ ಇರುವುದಿಲ್ಲ.

ಕೊಳೆಯುವಿಕೆ ಒಂದೇ ಹಂತದ ಕೆಲಸವಲ್ಲವಾದ್ದರಿಂದ ಈ ಕಲಂ ಬೇಕು. ಮರ ಬಿದ್ದ ಮೊದಲ ಬೇಸಿಗೆಯಲ್ಲೇ ತೊಗಟೆಯ ಕೆಳಗೆ ಕೊರಕ ಹುಳುಗಳು ಮೊಟ್ಟೆಯಿಡುತ್ತವೆ. ಮರಿಗಳು ಕೊರೆದ ದಾರಿಯಲ್ಲಿ ನೀರೂ ಶಿಲೀಂಧ್ರದ ಬೀಜಾಣುಗಳೂ ಒಳಸೇರುತ್ತವೆ. ಆಮೇಲೆ ಗೆದ್ದಲು ಬರುತ್ತದೆ, ಹಲಗೆಯಂಥ ಗಟ್ಟಿ ಅಣಬೆಗಳು ಮೈಮೇಲೆ ಏಳುತ್ತವೆ, ಮರ ಮೆತ್ತಗಾಗುತ್ತಿದ್ದಂತೆ ಅದರೊಳಗೇ ಸಂಸಾರ ಹೂಡುವ ದೊಡ್ಡ ಕರಿ ದುಂಬಿಗಳು ಸೇರುತ್ತವೆ. ಇನ್ನೂ ಮುಂದಿನ ಹಂತದಲ್ಲಿ ಪಾಚಿ, ಜರಿಗಿಡ, ಚೇಳು, ಸಹಸ್ರಪದಿ ಇವುಗಳ ನೆಲೆಯಾಗುತ್ತದೆ, ದಿಮ್ಮಿಯ ಅಡಿಯ ತಂಪು ಮಣ್ಣಿನಲ್ಲಿ ಕಾಲಿಲ್ಲದ ಉಭಯವಾಸಿಗಳು ಅಡಗಿರುತ್ತವೆ. ಒಂದು ಹಂತದ ಜೀವಿಗೆ ಇನ್ನೊಂದು ಹಂತದ ದಿಮ್ಮಿ ಸಾಮಾನ್ಯವಾಗಿ ಆಗಿಬರುವುದಿಲ್ಲ. ಆದ್ದರಿಂದ ಒಂದು ಕಾಡಿನಲ್ಲಿ ಬಿದ್ದ ಮರ ಬೇಕಾದಷ್ಟಿದೆ ಎಂದರೆ ಸಾಲದು. ಹೊಸದಾಗಿ ಬಿದ್ದದ್ದು, ಅರ್ಧ ಕೊಳೆತದ್ದು, ಮಣ್ಣಾಗುತ್ತಿರುವುದು ಎಲ್ಲವೂ ಅಲ್ಲಿವೆಯೇ ಎಂದು ನೋಡಬೇಕು. ಪ್ರತಿ ವರ್ಷವೂ ಹೊಸ ಮರಗಳನ್ನೇ ಆಯ್ದು ಸಾಗಿಸುತ್ತಾ ಹೋದರೆ ಇನ್ನು ಹತ್ತಿಪ್ಪತ್ತು ವರ್ಷಕ್ಕೆ ಅರ್ಧ ಕೊಳೆತ ದಿಮ್ಮಿಗಳೇ ಆ ಕಾಡಿನಲ್ಲಿ ಇಲ್ಲವಾಗುತ್ತವೆ, ಮತ್ತು ಪಟ್ಟಿಯಲ್ಲಿ ಕಲಂ ಇಲ್ಲದಿರುವುದರಿಂದ ಅವು ಇಲ್ಲವಾದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಇಂಗಾಲದ ಲೆಕ್ಕಕ್ಕೂ ಇದು ಸಂಬಂಧಿಸಿದೆ. ಆರು ಖಂಡಗಳ 55 ಕಾಡುಗಳಲ್ಲಿ ಮರದ ತುಂಡುಗಳನ್ನಿಟ್ಟು ನಡೆಸಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಜಗತ್ತಿನ ಸತ್ತ ಮರಗಳಿಂದ ವರ್ಷಕ್ಕೆ ಸುಮಾರು 1,090 ಕೋಟಿ ಟನ್ ಇಂಗಾಲ ಹೊರಬೀಳುತ್ತದೆ, ಅದರಲ್ಲಿ ಶೇ. 29ರಷ್ಟರ ಹಿಂದೆ ಕೀಟಗಳ ಕೆಲಸವಿದೆ, ಕೀಟಗಳ ಈ ಪ್ರಭಾವ ಹೆಚ್ಚಾಗಿ ಕಾಣುವುದು ಉಷ್ಣವಲಯದ ಕಾಡುಗಳಲ್ಲಿ ಎಂಬುದು ಅದರ ಅಂದಾಜು. ನಮ್ಮ ದೇಶದ ಅರಣ್ಯ ಸ್ಥಿತಿ ವರದಿಗಳು ಇಂಗಾಲವನ್ನು ಐದು ಬಗೆಯಾಗಿ ಲೆಕ್ಕ ಹಾಕುತ್ತವೆ: ನೆಲದ ಮೇಲಿನ ಸಸ್ಯರಾಶಿ, ನೆಲದೊಳಗಿನ ಬೇರು, ಸತ್ತ ಮರ, ತರಗೆಲೆ, ಮಣ್ಣು. ಐದರಲ್ಲಿ ಸತ್ತ ಮರದ ಪಾಲು ಶೇ. 1ಕ್ಕಿಂತಲೂ ಕಡಿಮೆ ಎಂದೇ ವರದಿಗಳು ತೋರಿಸುತ್ತವೆ. ದೇಶದ ಸರಾಸರಿಯಲ್ಲಿ ಕುರುಚಲು ಕಾಡು, ಸೌದೆಗಾಗಿ ಗುಡಿಸಿಹೋದ ಕಾಡು ಎಲ್ಲವೂ ಸೇರಿರುವುದರಿಂದ ಆ ಸಂಖ್ಯೆಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ದೊಡ್ಡ ಮರಗಳು ತಾವಾಗಿಯೇ ಸತ್ತು ಬೀಳುವ ಒಂದು ಕಾನಿಗೆ ಅದೇ ಸರಾಸರಿಯನ್ನು ಹಚ್ಚುವುದು ಸರಿಯಲ್ಲ.

ಇನ್ನು ಅಳೆಯುವ ಕ್ರಮದ ಮಾತು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬಿದ್ದ ಮರವನ್ನು ಐದು ದರ್ಜೆಗಳಾಗಿ ವಿಂಗಡಿಸುವ ಪಟ್ಟಿ. ಇದು 1970ರ ದಶಕದಲ್ಲಿ ಅಮೆರಿಕದ ವಾಯವ್ಯ ಭಾಗದ ಕಾಡುಗಳಲ್ಲಿ, ಮುಖ್ಯವಾಗಿ ಡಗ್ಲಸ್ ಫರ್ ಎಂಬ ಸೂಜಿಯೆಲೆಯ ಮರವನ್ನು ನೋಡಿ ರೂಪುಗೊಂಡಿತು. ತೊಗಟೆ, ಸಣ್ಣ ರೆಂಬೆಗಳು ಎಲ್ಲ ಹಾಗೆಯೇ ಇದ್ದರೆ ಒಂದನೆಯ ದರ್ಜೆ. ಸಣ್ಣ ರೆಂಬೆಗಳು ಉದುರಿ ಮರ ಅಲ್ಲಲ್ಲಿ ಮೆತ್ತಗಾಗಿದ್ದರೆ ಎರಡನೆಯದು. ತೊಗಟೆಯ ಚೂರುಗಳಷ್ಟೇ ಉಳಿದು ಮರ ದೊಡ್ಡ ಗಟ್ಟಿ ತುಂಡುಗಳಾಗಿ ಬಿಡುತ್ತಿದ್ದರೆ ಮೂರನೆಯದು. ತೊಗಟೆ ಪೂರ್ತಿ ಹೋಗಿ ಮರ ಚೌಕಚೌಕ ಮೆತ್ತನೆಯ ತುಂಡುಗಳಾಗಿದ್ದರೆ ನಾಲ್ಕನೆಯದು. ದಿಮ್ಮಿ ಚಪ್ಪಟೆಯಾಗಿ ಕುಸಿದು ಪುಡಿಯಾಗಿದ್ದರೆ ಐದನೆಯದು. ಪಟ್ಟಿ ಸರಳವಾಗಿದೆ, ಅದರಿಂದ ಉಪಕಾರವೂ ಆಗಿದೆ. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಅದನ್ನು ಇದ್ದ ಹಾಗೆಯೇ ಎತ್ತಿ ಬಳಸುವುದನ್ನು ಕಂಡಾಗ ಮಾತ್ರ ನನಗೆ ಸಮಾಧಾನವಾಗುವುದಿಲ್ಲ, ಏಕೆಂದರೆ ನಮ್ಮ ಮರಗಳು ಆ ಪಟ್ಟಿ ಹೇಳುವ ಹಾಗೆ ಕೊಳೆಯುವುದಿಲ್ಲ.

ತೊಗಟೆಯನ್ನೇ ನೋಡೋಣ. ನಂದಿ ಮರದ ತೊಗಟೆ ತೆಳು, ನುಣುಪು. ಮರ ಜೀವಂತವಿರುವಾಗಲೇ ಅದು ಹಾಳೆಹಾಳೆಯಾಗಿ ಕಳಚುತ್ತಿರುತ್ತದೆ. ಬಿದ್ದ ನಂದಿಗೆ ತೊಗಟೆ ಇಲ್ಲವೆಂದು ಮೂರನೆಯ ದರ್ಜೆ ಕೊಟ್ಟರೆ ಒಳಗೆ ಕಬ್ಬಿಣದಂಥ ಮರವೇ ಇರಬಹುದು. ಮತ್ತಿಯದು ಇದಕ್ಕೆ ತದ್ವಿರುದ್ಧ. ಮೊಸಳೆಯ ಮೈಯಂತೆ ಸೀಳುಬಿಟ್ಟ ಅದರ ದಪ್ಪ ತೊಗಟೆ ಮರ ಬಿದ್ದು ಬಹುಕಾಲವಾದರೂ ಕಚ್ಚಿಕೊಂಡೇ ಇರುತ್ತದೆ, ಗೆದ್ದಲು ಅದರ ಕೆಳಗಿನ ಬಿಳಿ ಮರವನ್ನೆಲ್ಲ ತಿಂದು ಅಲ್ಲಿ ಮಣ್ಣು ತುಂಬಿರುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ನಿನ್ನೆಮೊನ್ನೆ ಬಿದ್ದ ಮರ. ತೊಗಟೆಯ ಒಂದು ಚಕ್ಕೆ ಎಬ್ಬಿಸಿದರೆ ಗೆದ್ದಲು ಕಟ್ಟಿದ ಕೆಮ್ಮಣ್ಣಿನ ಕಾಲುವೆಗಳು, ಅವುಗಳ ನಡುವೆ ಬಿಳಿ ನೂಲಿನಂಥ ಶಿಲೀಂಧ್ರದ ಎಳೆಗಳು, ಉಗುರಿಗೆ ನಾರುನಾರಾಗಿ ಎದ್ದುಬರುವ ಮರ. ಆ ನಾರನ್ನು ಎರಡು ಬೆರಳಿನಲ್ಲಿ ಹಿಂಡಿದರೆ ಬೇಸಿಗೆಯಲ್ಲೂ ನೀರು ತೊಟ್ಟಿಕ್ಕುತ್ತದೆ. ಅಲ್ಲಿಂದ ಮೂರು ನಾಲ್ಕು ಬೆರಳು ಒಳಗೆ ಹೋದರೆ ಕಂದು ಚೇಗು, ಅಂದರೆ ಒಳಗಿನ ಗಟ್ಟಿ ಮರ, ಇನ್ನೂ ಕತ್ತಿಗೆ ಜಗ್ಗದೆ ನಿಂತಿರುತ್ತದೆ. ಒಂದೇ ದಿಮ್ಮಿಯ ತೊಗಟೆ ಒಂದನೆಯ ದರ್ಜೆಯದು, ಬಿಳಿ ಮರ ನಾಲ್ಕನೆಯದು, ಚೇಗು ಎರಡನೆಯದು ಎನ್ನುವಂತಾದರೆ ಇಡೀ ದಿಮ್ಮಿಗೆ ಒಂದೇ ಅಂಕಿ ಕೊಟ್ಟವರು ನಿಜವಾಗಿ ಏನನ್ನು ಅಳೆದಂತಾಯಿತು?

ಚೌಕಚೌಕ ತುಂಡುಗಳ ಮಾತೂ ಹಾಗೆಯೇ. ಮರ ಆ ರೀತಿ ಬಿರಿಯುವುದು ಕಂದು ಕೊಳೆಯಲ್ಲಿ. ಅಲ್ಲಿ ಶಿಲೀಂಧ್ರವು ಮರದ ನಾರಾದ ಸೆಲ್ಯುಲೋಸನ್ನು ತಿಂದು, ಆ ನಾರನ್ನು ಬಿಗಿದು ಹಿಡಿಯುವ ಲಿಗ್ನಿನ್ನನ್ನು ಹೆಚ್ಚುಕಡಿಮೆ ಹಾಗೆಯೇ ಬಿಡುತ್ತದೆ. ಸೂಜಿಯೆಲೆಯ ಮರಗಳಲ್ಲಿ ಇದು ಸಾಮಾನ್ಯ. ಅಗಲ ಎಲೆಯ ನಮ್ಮ ಕಾಡುಮರಗಳಲ್ಲಿ ಹೆಚ್ಚಾಗಿ ನಡೆಯುವುದು ಲಿಗ್ನಿನ್ನನ್ನೂ ಕರಗಿಸಬಲ್ಲ ಶಿಲೀಂಧ್ರಗಳ ಬಿಳಿ ಕೊಳೆ. ಇದರಲ್ಲಿ ಮರ ಬಿಳಿಚಿಕೊಂಡು, ಸ್ಪಂಜಿನಂತೆ ಮೆತ್ತಗಾಗಿ, ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ನಾಲ್ಕನೆಯ ದರ್ಜೆಗೆ ಚೌಕದ ತುಂಡುಗಳನ್ನು ಹುಡುಕುತ್ತಾ ಹೋದರೆ ನಮ್ಮ ಕಾನುಗಳಲ್ಲಿ ಆ ದರ್ಜೆಯ ದಿಮ್ಮಿಯೇ ಸಿಗದೆ ಹೋಗಬಹುದು. ಇದರ ಮೇಲೆ ಟೊಳ್ಳಿನ ಸಮಸ್ಯೆ ಬೇರೆ. ಹಳೆಯ ಮರಗಳು ಎಷ್ಟೋ ಸಲ ನಿಂತಿರುವಾಗಲೇ ತಿರುಳಿನಲ್ಲಿ ಕೊಳೆತಿರುತ್ತವೆ, ಅಂಥವೇ ಗಾಳಿಗೆ ಮೊದಲು ಮುರಿಯುತ್ತವೆ. ಹೊರಗೆ ಗಟ್ಟಿ, ಒಳಗೆ ಖಾಲಿಯಾದ ಇಂಥ ಮರಗಳಿಗೆ ಹೊರಗಿನಿಂದ ಒಳಕ್ಕೆ ಸಾಗುವ ಕೊಳೆತವನ್ನು ಮನಸ್ಸಿನಲ್ಲಿಟ್ಟುಕೊಂಡ ಪಟ್ಟಿ ಹೊಂದುವುದೇ ಇಲ್ಲ.

ನಮ್ಮ ಹಳ್ಳಿಗಳ ಆಚಾರಿಗಳೂ ಮರ ಕೊಯ್ಯುವವರೂ ಇದನ್ನೆಲ್ಲ ಬಲ್ಲರು. ಹಲಸಿನಕಾಯಿಯನ್ನು ತಟ್ಟಿ ನೋಡುವಂತೆ ಅವರು ಕತ್ತಿಯ ಬೆನ್ನಿನಿಂದ ದಿಮ್ಮಿಯನ್ನು ಉದ್ದಕ್ಕೂ ಬಡಿಯುತ್ತಾ ಹೋಗುತ್ತಾರೆ. ಠಣ್ಣೆನ್ನುವ ಕಡೆ ಗಟ್ಟಿ, ಬೊದಬೊದ ಎನ್ನುವ ಕಡೆ ಟೊಳ್ಳು ಎಂದು ಅವರ ಕಿವಿಗೇ ತಿಳಿಯುತ್ತದೆ. ಆಮೇಲೆ ಕತ್ತಿಯ ಮೂತಿಯಿಂದ ಒತ್ತಿ, ಎಷ್ಟು ಲಡ್ಡಾಗಿದೆ, ಅಂದರೆ ಕೊಳೆತು ಮೆತ್ತಗಾಗಿದೆ, ಎನ್ನುತ್ತಾರೆ. ಈ ಜ್ಞಾನವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಅವರು ಹುಡುಕುವುದು ಕೊಯ್ಲಿಗೆ ಬರುವ ಮರವನ್ನಾದ್ದರಿಂದ ಬಾರದ ಮರವನ್ನೆಲ್ಲ ಒಂದೇ ಮಾತಿನಲ್ಲಿ ಕೆಲಸಕ್ಕೆ ಬಾರದ್ದು ಎಂದು ಬಿಡುತ್ತಾರೆ, ಅಷ್ಟೇ ಅದರ ಮಿತಿ. ನಮಗೆ ಬೇಕಾದದ್ದು ಅವರು ಬಿಡುವ ಆ ಭಾಗದ ಒಳಗಿನ ಹಂತಗಳು.

ಅವರ ಕೈಕಸುಬಿನ ಪರೀಕ್ಷೆಯನ್ನೇ ಒಂದು ನಿಯಮಕ್ಕೆ ತಂದರೆ ಸಾಕಾಗುತ್ತದೆ. ಫಿನ್‌ಲೆಂಡ್, ಸ್ವೀಡನ್ನುಗಳ ಸಂಶೋಧಕರು ನೆಚ್ಚಿಕೊಂಡಿರುವುದೂ ಕೈಯಿಂದ ಒತ್ತಿದ ಚಾಕು ಮರದೊಳಗೆ ಎಷ್ಟು ಇಳಿಯುತ್ತದೆ ಎಂಬ ಅಳತೆಯನ್ನೇ. ಒಂದೇ ಬಗೆಯ ಚಾಕು, ಅದರ ಅಲಗಿನ ಮೇಲೆ ಸೆಂಟಿಮೀಟರಿನ ಗೆರೆಗಳು. ದಿಮ್ಮಿಯ ಬುಡ, ನಡು, ತುದಿ ಮೂರು ಕಡೆ. ಪ್ರತಿಯೊಂದು ಕಡೆಯೂ ಮೇಲ್ಮೈ, ಎರಡು ಪಕ್ಕ ಮತ್ತು ನೆಲಕ್ಕೆ ತಾಗಿದ ಅಡಿ ಹೀಗೆ ನಾಲ್ಕು ದಿಕ್ಕು. ಅಡಿಭಾಗವನ್ನು ಬಿಡಲೇಬಾರದು, ಏಕೆಂದರೆ ನೆಲಕ್ಕೆ ಒತ್ತಿಕೊಂಡ ಭಾಗ ತೇವದಿಂದ ಬೇಗ ಕೊಳೆಯುತ್ತದೆ, ಕೊಂಬೆಗಳ ಮೇಲೆ ಊರಿಕೊಂಡು ನೆಲದಿಂದ ಮೇಲಿರುವ ಭಾಗ ಗಾಳಿಗೆ ಒಣಗಿ ಬಹುಕಾಲ ಗಟ್ಟಿಯಾಗಿರುತ್ತದೆ. ಒಂದೇ ಮರದ ಬುಡಕ್ಕೂ ತುದಿಗೂ ವರ್ಷಗಳ ಅಂತರ ಕಾಣಬಹುದು. ಬಿಳಿ ಮರ ಮತ್ತು ಚೇಗನ್ನು ಬೇರೆಬೇರೆಯಾಗಿ ಬರೆಯಬೇಕು, ಮುರಿದ ತುದಿಯಲ್ಲಿ ಟೊಳ್ಳಿನ ಅಗಲವನ್ನು ಅಳೆಯಬೇಕು, ಗೆದ್ದಲು ಇದೆಯೇ, ಅಣಬೆ ಯಾವ ಬಗೆಯದು ಎಂದು ಒಂದೊಂದು ಪದ ಬರೆಯಬೇಕು. ಹಣವಿರುವ ಸಂಸ್ಥೆಗಳು 6 ಜೌಲ್ ಶಕ್ತಿಯ ಸ್ಪ್ರಿಂಗಿನಿಂದ ಮೊಳೆ ಹೊಡೆದು ಇಳಿದ ಆಳ ತೋರಿಸುವ ಪೈಲೋಡಿನ್ ಉಪಕರಣವನ್ನೋ, ತೆಳ್ಳನೆಯ ಸೂಜಿ ಕೊರೆಯುತ್ತಾ ಹೋದಂತೆ ಮರದ ಪ್ರತಿರೋಧವನ್ನು ರೇಖೆಯಾಗಿ ಬರೆಯುವ ರೆಸಿಸ್ಟೋಗ್ರಾಫನ್ನೋ ಬಳಸಬಹುದು. ಟೊಳ್ಳು ಕಂಡುಹಿಡಿಯುವುದಕ್ಕೆ ಇವೆರಡರಲ್ಲಿ ಎರಡನೆಯದೇ ಹೆಚ್ಚು ಉಪಯುಕ್ತ. ಗಸ್ತಿನ ಅರಣ್ಯ ಪಾಲಕನಿಗಂತೂ ಚಾಕು ಮತ್ತು ಅಳತೆಪಟ್ಟಿ ಸಾಕು. ಒದ್ದೆ ಮರ ಒಣಮರಕ್ಕಿಂತ ಸುಲಭವಾಗಿ ಚಾಕುವಿಗೆ ಎಡೆಕೊಡುವುದರಿಂದ ಪ್ರತಿ ವರ್ಷದ ಅಳತೆಯೂ ಒಂದೇ ಋತುವಿನಲ್ಲಿ ನಡೆಯುವುದು ಮುಖ್ಯ. ಡಿಸೆಂಬರ್, ಜನವರಿ ನಮ್ಮ ಭಾಗಕ್ಕೆ ಅನುಕೂಲ.

ಚಾಕುವಿನ ಈ ಹಂತಗಳಿಗೆ ನಿಜವಾದ ಅರ್ಥ ಬರುವುದು ಸಾಂದ್ರತೆಯನ್ನೂ ಅಳೆದಾಗ. ಪ್ರತಿಯೊಂದು ಜಾತಿಯ, ಪ್ರತಿಯೊಂದು ಹಂತದ ಕೆಲವು ದಿಮ್ಮಿಗಳಿಂದ ತುಂಡು ತೆಗೆದು, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೀರಿನಲ್ಲಿ ಮುಳುಗಿಸಿ ಗಾತ್ರ ಕಂಡುಕೊಂಡು, ಬಳಿಕ ಸುಮಾರು 105 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಬೇಕು. ಹಸಿ ತೂಕವನ್ನು ನಂಬಿದರೆ ಪೂರಾ ದಾರಿ ತಪ್ಪುತ್ತೇವೆ. ಒಂದು ಮತ್ತಿಯ ತುಂಡಿನ ಗಾತ್ರ 500 ಮಿಲಿಲೀಟರ್, ಹಸಿ ತೂಕ 470 ಗ್ರಾಂ, ಒಣಗಿದ ಮೇಲೆ 165 ಗ್ರಾಂ ಎಂದಿಟ್ಟುಕೊಳ್ಳಿ. ಕೈಯಲ್ಲಿ ಹಿಡಿದಾಗ ಭಾರವಾಗಿಯೇ ಇದ್ದ ಆ ತುಂಡಿನಲ್ಲಿ ಮರಕ್ಕಿಂತ ನೀರೇ ಹೆಚ್ಚಾಗಿತ್ತು. ಅದರ ಸಾಂದ್ರತೆ, ಅಂದರೆ ಒಣ ತೂಕವನ್ನು ಗಾತ್ರದಿಂದ ಭಾಗಿಸಿದರೆ ಬರುವುದು, 0.33. ಗಟ್ಟಿ ಮತ್ತಿಯದು ಸುಮಾರು 0.73 ಎಂದು ಹಿಡಿದರೆ ಉಳಿದಿರುವುದು ಶೇ. 45. ಅದೇ 0.33 ಒಂದು ಬೂರುಗದ ತುಂಡಿನಲ್ಲಿ ಬಂದರೆ ಅರ್ಥವೇ ಬೇರೆ, ಏಕೆಂದರೆ ಏನೂ ಕೊಳೆಯದ ಬೂರುಗದ ಸಾಂದ್ರತೆಯೇ ಅಷ್ಟು. ಹೀಗಾಗಿ ಜಾತಿ ಗುರುತಿಸದೆ ಕೊಳೆತ ಅಳೆಯುವಂತಿಲ್ಲ, ತೊಗಟೆ ಎಲೆ ಎರಡೂ ಹೋದ ದಿಮ್ಮಿಯ ಜಾತಿ ಹೇಳಬಲ್ಲ ಹಳ್ಳಿಯ ಹಿರಿಯರ ನೆರವಿಲ್ಲದೆ ಈ ಕೆಲಸ ಆಗುವಂತೆಯೂ ಇಲ್ಲ. ಸಂಬಳದ ಲೆಕ್ಕದಲ್ಲಿಯೇ ಅವರನ್ನು ಜೊತೆಗೆ ಕರೆದುಕೊಳ್ಳಬೇಕೆಂದು ನನ್ನ ಆಗ್ರಹ.

ಒಂದು ಮರ ಮಣ್ಣಾಗಲು ಎಷ್ಟು ವರ್ಷ ಬೇಕು ಎಂದು ಕೇಳುವವರಿಗೆ ನಮ್ಮ ಕಾಡಿನ ಲೆಕ್ಕ ಕೊಡಬೇಕೆಂದರೆ ನಮ್ಮ ದಿಮ್ಮಿಗಳನ್ನೇ ಕಾಯಬೇಕು. ಅಮೆಜಾನ್ ಕಾಡಿನ ನಡುಭಾಗದಲ್ಲಿ 155 ದೊಡ್ಡ ಸತ್ತ ಮರಗಳನ್ನು ಅಳೆದು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೊಳೆಯುವ ವೇಗ, ಆಯಾ ಹೊತ್ತಿಗೆ ಉಳಿದ ಮರದ ಪಾಲಾಗಿ ಹೇಳುವುದಾದರೆ, ವರ್ಷಕ್ಕೆ 0.015ರಿಂದ 0.67ರ ತನಕ ಹರಡಿತ್ತು, ಸರಾಸರಿ 0.19. ಅಂದರೆ ಸರಾಸರಿ ಮರ ಮೂರೂವರೆ ವರ್ಷ ಕಳೆದು ಸ್ವಲ್ಪದರಲ್ಲೇ ಅರ್ಧ ಕರಗಿದರೆ, ಅತಿ ಬೇಗದ್ದು ವರ್ಷವೊಂದರಲ್ಲಿ, ಅತಿ ನಿಧಾನದ್ದು 46 ವರ್ಷಗಳಲ್ಲಿ ಅರ್ಧವಾಗುತ್ತದೆ. ಒಂದೇ ಕಾಡಿನಲ್ಲಿ ಇಷ್ಟು ಅಂತರ. ದಪ್ಪ ಮರ, ಸಾಂದ್ರ ಮರ ನಿಧಾನವಾಗಿ ಕೊಳೆಯುತ್ತದೆ ಎಂಬುದೂ ಅಲ್ಲಿ ಸ್ಪಷ್ಟವಾಯಿತು. ನಮ್ಮಲ್ಲಿ ಮರದ ಬಾಳಿಕೆಯ ಬಗ್ಗೆ ಮಾಹಿತಿ ಇಲ್ಲವೆಂದಲ್ಲ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯು 60 ಸೆಂ.ಮೀ. ಉದ್ದ, 5 ಸೆಂ.ಮೀ. ದಪ್ಪದ ಚೇಗಿನ ಗೂಟಗಳನ್ನು ಅರ್ಧ ಹೂತು ನೋಡುವ ಪರೀಕ್ಷೆ ನಡೆಸಿಕೊಂಡು ಬಂದಿದೆ. ಅದರ ಆಧಾರದಲ್ಲಿ 120 ತಿಂಗಳು ಮೀರಿ ಬಾಳುವ ತೇಗದಂಥವು ಮೊದಲ ವರ್ಗ, 60 ತಿಂಗಳೂ ಬಾಳದ ಬೂರುಗದಂಥವು ಮೂರನೆಯ ವರ್ಗ ಎಂದು ವಿಂಗಡಣೆಯಾಗಿದೆ. ಗೂಟದ ಈ ಲೆಕ್ಕ ಬೇಲಿ ಹಾಕುವವರಿಗೆ, ಮನೆ ಕಟ್ಟುವವರಿಗೆ ಉಪಯುಕ್ತ. ತೊಗಟೆ, ಬಿಳಿ ಮರ, ಚೇಗು, ಟೊಳ್ಳು ಎಲ್ಲವನ್ನೂ ಹೊತ್ತು ನೆರಳಿನಲ್ಲಿ ಬಿದ್ದಿರುವ, ತಬ್ಬಿದರೆ ಕೈಗೆ ಸಿಗದಷ್ಟು ದಪ್ಪದ ಮರಕ್ಕೆ ಅದು ಅನ್ವಯಿಸುವುದಿಲ್ಲ. ಅಮೆರಿಕದ ಒರೆಗನ್ನಿನ ಎಚ್. ಜೆ. ಆಂಡ್ರೂಸ್ ಪ್ರಾಯೋಗಿಕ ಅರಣ್ಯದಲ್ಲಿ 1985ರಲ್ಲಿ 500ಕ್ಕೂ ಹೆಚ್ಚು ದಿಮ್ಮಿಗಳನ್ನು ಕಾಡಿನಲ್ಲಿ ಹಾಕಿ, 200 ವರ್ಷಗಳ ಕಾಲ ಅವುಗಳ ಕೊಳೆತವನ್ನು ಅಳೆಯುವ ಯೋಜನೆ ಆರಂಭಿಸಿದರು. ಆರಂಭಿಸಿದವರು ಅದರ ಕೊನೆಯನ್ನು ನೋಡುವುದಿಲ್ಲ ಎಂದು ಗೊತ್ತಿದ್ದೇ ಕೈಗೊಂಡ ಕೆಲಸ ಅದು, ನನಗೆ ಅದರ ಮೇಲೆ ತುಂಬ ಅಭಿಮಾನವಿದೆ. ನಮ್ಮಲ್ಲಿ ಬಹುಪಾಲು ಮರ ಬೇಗ ಕೊಳೆಯುವುದರಿಂದ ಇಪ್ಪತ್ತು ಮೂವತ್ತು ವರ್ಷಗಳ ಯೋಜನೆಯೂ ಬೇಕಾದಷ್ಟು ಕಲಿಸುತ್ತದೆ.

ಇಡೀ ಕಾಡಿನಲ್ಲಿ ಬಿದ್ದ ಮರ ಎಷ್ಟಿದೆ ಎಂದು ತಿಳಿಯಲು ಎಲ್ಲ ದಿಮ್ಮಿಗಳನ್ನೂ ಎಣಿಸಬೇಕಾಗಿಲ್ಲ. 1964ರಲ್ಲಿ ನ್ಯೂಜಿಲೆಂಡಿನಲ್ಲಿ ರೂಪುಗೊಂಡು, 1968ರಲ್ಲಿ ಕೆನಡಾದಲ್ಲಿ ಸರಳಗೊಂಡ ಒಂದು ಕ್ರಮವಿದೆ. ಕಾಡಿನಲ್ಲಿ ನೆಟ್ಟಗೆ ಹಗ್ಗ ಎಳೆದು, ಹಗ್ಗ ಹಾಯುವ ಜಾಗದಲ್ಲಿ ಮಾತ್ರ ಪ್ರತಿ ದಿಮ್ಮಿಯ ವ್ಯಾಸ ಅಳೆಯುವುದು. 100 ಮೀಟರಿನ ಹಗ್ಗಕ್ಕೆ 20, 30 ಮತ್ತು 50 ಸೆಂ.ಮೀ. ವ್ಯಾಸದ ಮೂರು ದಿಮ್ಮಿಗಳು ಸಿಕ್ಕವು ಎನ್ನೋಣ. ವ್ಯಾಸಗಳ ವರ್ಗಗಳನ್ನು ಕೂಡಿಸಿದರೆ 3,800. ಅದನ್ನು ಪೈ ವರ್ಗದಿಂದ, ಅಂದರೆ 9.87ರಿಂದ ಗುಣಿಸಿ, ಹಗ್ಗದ ಉದ್ದದ ಎಂಟು ಪಟ್ಟಿನಿಂದ ಭಾಗಿಸಿದರೆ ಹೆಕ್ಟೇರಿಗೆ ಸುಮಾರು 47 ಘನಮೀಟರ್. ಹಲವು ದಿಕ್ಕಿಗೆ ಹಲವು ಹಗ್ಗ ಎಳೆದು ಸರಾಸರಿ ತೆಗೆಯುವುದು ಕ್ರಮ. ಒಂದೇ ಗಾಳಿಗೆ ಮರಗಳೆಲ್ಲ ಒಂದೇ ಕಡೆಗೆ ಬಿದ್ದಿರುವ ಕಾಡಿನಲ್ಲಂತೂ ದಿಕ್ಕು ಬದಲಿಸದೆ ಲೆಕ್ಕ ಸರಿಬರುವುದಿಲ್ಲ. ಈಗ ಕೊಳೆತದ ಹಂತ ಗೊತ್ತಿಲ್ಲವೆಂದಿಟ್ಟುಕೊಳ್ಳಿ. ಎಲ್ಲವೂ 0.7 ಸಾಂದ್ರತೆಯ ಗಟ್ಟಿ ಮರವಾಗಿದ್ದರೆ ಆ 47 ಘನಮೀಟರಿನಲ್ಲಿರುವುದು 33 ಟನ್ ಒಣಮರ; ಎಲ್ಲವೂ 0.25ಕ್ಕೆ ಇಳಿದ ಲಡ್ಡು ಮರವಾಗಿದ್ದರೆ 12 ಟನ್. ಹಂತ ಬರೆಯದ ಪಟ್ಟಿಯ ಆಧಾರದಲ್ಲಿ ಇಂಗಾಲವನ್ನೂ ಆದಾಯವನ್ನೂ ಲೆಕ್ಕ ಹಾಕಿದರೆ ಹತ್ತಿರಹತ್ತಿರ ಮೂರು ಪಟ್ಟು ತಪ್ಪಬಹುದು ಎಂದಾಯಿತು.

ಬಿದ್ದ ಮರ ಬಿಡುವುದರ ವಿರುದ್ಧ ಬರುವ ಆಕ್ಷೇಪಗಳಲ್ಲಿ ಕೆಲವು ನ್ಯಾಯವಾದವೇ. ರಸ್ತೆ, ಕಾಲುದಾರಿ, ವಿದ್ಯುತ್ ತಂತಿ, ತೋಟದ ಬೇಲಿ ಇವುಗಳ ಮೇಲೆ ಬಿದ್ದದ್ದನ್ನು ತೆಗೆಯಲೇಬೇಕು. ಕಾಡಂಚಿನ ಬಡವರ ಒಲೆಗೆ ಸೌದೆ ಬೇಕು. ತೋಳಿಗಿಂತ ಸಣ್ಣ ಟೊಂಗೆಗಳನ್ನು ಅವರಿಗೆ ಬಿಟ್ಟು ಕಾಂಡವನ್ನು ಕಾಡಿಗೆ ಬಿಡುವುದರಿಂದ ಇಬ್ಬರಿಗೂ ನಷ್ಟವಾಗದು. ಬೆಂಕಿಯ ಭಯ ಎಲೆ ಉದುರುವ ಕಾಡುಗಳಲ್ಲಿ ನಿಜವಾದದ್ದೇ. ಬೇಗ ಹೊತ್ತಿಕೊಳ್ಳುವುದು ಹೊಸದಾಗಿ ಬಿದ್ದ ಮರದ ಒಣ ರೆಂಬೆಗಳು. ನೀರು ಹೀರಿ ಕುಳಿತ ಲಡ್ಡು ದಿಮ್ಮಿಗೆ ಬೆಂಕಿ ಸುಲಭವಾಗಿ ತಾಗುವುದಿಲ್ಲ, ಆದರೆ ಒಣಗಿದ ಟೊಳ್ಳು ದಿಮ್ಮಿಗೆ ಒಮ್ಮೆ ತಾಗಿತೆಂದರೆ ಅದು ದಿನಗಟ್ಟಲೆ ಹೊಗೆಯಾಡುತ್ತಾ ಬೆಂಕಿಯನ್ನು ಕಾಪಿಡುತ್ತದೆ. ಬೆಂಕಿರೇಖೆಯ ಇಕ್ಕೆಲದಲ್ಲಿ ಇಂಥವನ್ನು ಗುರುತಿಸಿ ತೆಗೆಯಲಿ. ಇನ್ನು ಬಿದ್ದ ಮರದಿಂದ ಹುಳು ಹರಡಿ ಕಾಡೇ ಸಾಯುತ್ತದೆ ಎನ್ನುವವರು ಮಧ್ಯಪ್ರದೇಶದ ಸಾಲ ಮರದ ಕೊರಕ ಹುಳುವನ್ನು ನೆನಪಿಗೆ ತರುತ್ತಾರೆ. ಆ ಹುಳು ಹುಡುಕಿಕೊಂಡು ಬರುವುದು ಹೊಸದಾಗಿ ಕಡಿದ ಅಥವಾ ಬಿದ್ದ ಸಾಲದ ರಸವನ್ನು. ಅದನ್ನು ಹಿಡಿಯಲು ಅಲ್ಲಿನವರು ಹಸಿ ಸಾಲದ ತುಂಡುಗಳನ್ನೇ ಬಲೆಯಾಗಿ ಇಡುತ್ತಾರೆ. ಲಡ್ಡಾದ ದಿಮ್ಮಿ ಅದಕ್ಕೆ ಬೇಡ. ಈ ಎಲ್ಲ ಆಕ್ಷೇಪಗಳಲ್ಲೂ ಅಪಾಯ ಇರುವುದು ಕೊಳೆತದ ಯಾವುದೋ ಒಂದು ಹಂತದಲ್ಲಿ. ಆದ್ದರಿಂದ ಇವಕ್ಕೆ ಉತ್ತರ ಕೊಡಬೇಕಾದರೂ ನಾನು ಕೇಳುತ್ತಿರುವ ಅಳತೆಯೇ ಬೇಕು.

ನನ್ನ ಕೋರಿಕೆ ಇಷ್ಟು. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳೂ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಕೂಡಿ, ಮತ್ತಿ, ನಂದಿ, ಹೊನ್ನೆ, ಜಂಬೆ, ಸಾಲುಧೂಪ, ಹೆಬ್ಬಲಸು, ಬೂರುಗಗಳಂಥ ನಮ್ಮ ಕೆಲವು ಮುಖ್ಯ ಜಾತಿಗಳಿಗೆ ಹೊಂದುವ ಹಂತಗಳ ಪಟ್ಟಿಯೊಂದನ್ನು ಕನ್ನಡದಲ್ಲಿ, ಚಿತ್ರಗಳ ಸಹಿತ, ಒಂದೇ ಹಾಳೆಯಲ್ಲಿ ಸಿದ್ಧಪಡಿಸಲಿ. ಕಾಲೇಜುಗಳ ಒಲೆಗಳಲ್ಲಿ ಸಾಂದ್ರತೆಯ ಪರೀಕ್ಷೆ ನಡೆಯಲಿ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಸಿಗಲಾರದು. ಪ್ರತಿ ವಲಯದಲ್ಲಿ ಬಿದ್ದ ಮರಗಳ ಒಂದು ಸಣ್ಣ ಪಾಲಿಗೆ ಅಲ್ಯೂಮಿನಿಯಂ ಬಿಲ್ಲೆ ಹೊಡೆದು, ಬಿದ್ದ ದಿನಾಂಕ ಬರೆದು, ಹರಾಜಿನಿಂದ ಹೊರಗಿಟ್ಟು, ವರ್ಷಕ್ಕೊಮ್ಮೆ ಚಾಕು ಹಿಡಿದು ನೋಡುವ ವ್ಯವಸ್ಥೆಯಾಗಲಿ. ಉಳಿದ ಮರಗಳ ವಿಷಯದಲ್ಲಿ, ಚಾಕು ಬಿಳಿ ಮರವನ್ನು ದಾಟಿ ಚೇಗಿಗೂ ಇಳಿಯುವಷ್ಟು ಕೊಳೆತ ಯಾವ ದಿಮ್ಮಿಯನ್ನೂ ಸೌದೆಯ ಹೆಸರಿನಲ್ಲಿಯೂ ಸಾಗಿಸಬಾರದೆಂಬ ನಿಯಮ ಬರಲಿ: ಅದರಿಂದ ಬೊಕ್ಕಸಕ್ಕೆ ಬರುವುದು ಲಾರಿಯ ಬಾಡಿಗೆಗೂ ಸಾಲದು. ಹೊಸದಾಗಿ ಬಿದ್ದವುಗಳಲ್ಲಿಯೂ ಎಲ್ಲವನ್ನೂ ಒಯ್ಯದೆ, ಆ ಕಾಡಿನಲ್ಲಿ ಯಾವ ಹಂತದ ದಿಮ್ಮಿಗಳು ಕಡಿಮೆಯಾಗಿವೆ ಎಂಬುದನ್ನು ನೋಡಿ ಎಷ್ಟು ಬಿಡಬೇಕೆಂದು ತೀರ್ಮಾನಿಸಲಿ. ಪಟ್ಟಿಯಲ್ಲಿ ಸೇರಬೇಕಾದದ್ದು ಬಿಳಿ ಮರದಲ್ಲಿ ಚಾಕು ಇಳಿದ ಆಳ, ಚೇಗಿನಲ್ಲಿ ಇಳಿದ ಆಳ, ಟೊಳ್ಳಿನ ಅಗಲ ಎಂಬ ಮೂರು ಕಲಂ. ಅದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಅನುದಾನವೂ ಬೇಡ. ಈ ವರ್ಷದ ಮಳೆಗೆ ಬಿದ್ದ ಮರಗಳ ಹರಾಜು ಪಟ್ಟಿ ಅಂತಿಮವಾಗುವ ಮೊದಲೇ ಸಂಬಂಧಪಟ್ಟವರು ಅವನ್ನು ಸೇರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕ,
ಉತ್ತರ ಕನ್ನಡ ಜಿಲ್ಲೆ